ತೃಣಸ್ಪರ್ಶ ಮತ್ತು ಗಾಜಿನ ಎಳೆ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಮುನಿಯಾದವನು ಸಹಿಸಬೇಕಾದ 22 ಪರೀಷಹಗಳನ್ನು ಎಣಿಸುತ್ತದೆ. ಹಸಿವು, ನೀರಡಿಕೆ, ಚಳಿ, ಸೆಕೆಗಳಿಂದ ಆರಂಭವಾಗುವ ಆ ಪಟ್ಟಿಯಲ್ಲಿ ಹದಿನೇಳನೆಯದು ತೃಣಸ್ಪರ್ಶ, ಹದಿನೆಂಟನೆಯದು ಮಲ. ತರಗತಿಯಲ್ಲಿ ಈ ಪಟ್ಟಿಯನ್ನು ವಿವರಿಸುವಾಗ ವಿದ್ಯಾರ್ಥಿಗಳು ಆಕ್ರೋಶ, ವಧಗಳ ಬಳಿ ಗಂಭೀರರಾಗುತ್ತಾರೆ. ತೃಣಸ್ಪರ್ಶದ ಬಳಿ ಮುಗುಳ್ನಗುತ್ತಾರೆ. ಹುಲ್ಲು ತಾಗುವುದೂ ಒಂದು ಕಷ್ಟವೇ ಎಂಬುದು ಆ ನಗೆಯ ಅರ್ಥ.

ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯಲ್ಲಿ ಇದಕ್ಕೆ ಉತ್ತರವಿದೆ. ಅವರ ಪ್ರಕಾರ ಇಲ್ಲಿ ತೃಣವೆಂಬುದು ಉಪಲಕ್ಷಣ ಮಾತ್ರ. ಚುಚ್ಚಿ ನೋಯಿಸುವ ಯಾವುದೇ ವಸ್ತುವನ್ನು ಅದು ಸೂಚಿಸುತ್ತದೆ. ಒಣಹುಲ್ಲು, ಒರಟು ಹರಳು, ಮುಳ್ಳು, ಮೊನಚಾದ ಮಣ್ಣು ಎಲ್ಲವೂ ಅದರಲ್ಲಿ ಅಡಕ. ಅಲ್ಲಿ ಅವರು ಬಳಸುವ ಪದ ‘ವ್ಯಧನ’, ಎಂದರೆ ಚುಚ್ಚುವಿಕೆ. ಮುಂದೆ ಮಲಪರೀಷಹವನ್ನು ವಿವರಿಸುವಾಗ, ಕಜ್ಜಿ ಮೊದಲಾದ ಚರ್ಮರೋಗಗಳಿಂದ ನವೆ ಎದ್ದರೂ ಕೆರೆದುಕೊಳ್ಳದ, ಉಜ್ಜಿಕೊಳ್ಳದ ಮುನಿಯನ್ನು ನಮ್ಮ ಮುಂದೆ ನಿಲ್ಲಿಸುತ್ತಾರೆ. ದೇಹದ ಅತಿ ಸಣ್ಣ ಪೀಡೆಯನ್ನೂ ಈ ಪರಂಪರೆ ಕಡೆಗಣಿಸಿಲ್ಲ. ದೊಡ್ಡ ನೋವಿನೆದುರು ಮನಸ್ಸು ತನ್ನೆಲ್ಲ ಬಲವನ್ನೂ ಒಗ್ಗೂಡಿಸಿಕೊಳ್ಳುತ್ತದೆ. ನವೆಯಾದರೋ ಸಮಾಧಿಯನ್ನು ಸದ್ದಿಲ್ಲದೆ ಕೆಡಿಸುತ್ತದೆ.

ಕನ್ನಡವೂ ಈ ಅನುಭವವನ್ನು ಸೂಕ್ಷ್ಮವಾಗಿ ಬಲ್ಲ ಭಾಷೆ. ನವೆ, ತುರಿಕೆ, ತೀಟೆ ಎಂಬ ಮೂರೂ ಪದಗಳು ನಮ್ಮಲ್ಲಿವೆ. ತೆಂಗಿನಕಾಯಿಯನ್ನು ತುರಿಯುವುದಕ್ಕೂ ಮೈಯನ್ನು ತುರಿಸಿಕೊಳ್ಳುವುದಕ್ಕೂ ಒಂದೇ ಧಾತು. ತುರಿಸಿಕೊಂಡಷ್ಟೂ ಚರ್ಮ ಸವೆಯುತ್ತದೆಂಬ ಅರಿವು ಆ ಪದದಲ್ಲಿಯೇ ಇದೆ. ತೀಟೆಯಂತೂ ಮೈಯಿಂದ ಮನಸ್ಸಿಗೆ ಏರಿ, ಬೇಡದ ಕೆಲಸಕ್ಕೆ ಕೈಹಾಕುವ ಚಪಲಕ್ಕೂ ಹೆಸರಾಯಿತು.

ಹಳೆಯ ಶಾಸ್ತ್ರವೊಂದರ ಈ ಪದಗಳು ಹೊಸ ಕಾಲದ ವಸ್ತುವೊಂದನ್ನು ಅರ್ಥಮಾಡಿಕೊಳ್ಳಲು ನೆರವಾದದ್ದು ಅಮೆರಿಕದ ಅರಿಜೋನಾದಲ್ಲಿ, ಮಗಳ ಮನೆಯಲ್ಲಿದ್ದ ಬೇಸಿಗೆಯಲ್ಲಿ. ಅಳಿಯನ ಬಳಿ ಹಳೆಯದೊಂದು ಪಿಕಪ್ ಟ್ರಕ್ ಇತ್ತು. ಅದರ ಹಿಂಬದಿಯ ಸರಕಿನ ತೊಟ್ಟಿ ಉಕ್ಕಿನದಲ್ಲ. ಗಾಜಿನ ಎಳೆಗಳನ್ನು ಕೃತಕ ರಾಳದಲ್ಲಿ ಅದುಮಿ ಎರಕಹೊಯ್ದ, ಅಲ್ಲಿಯವರು ಕಾಂಪೋಸಿಟ್ ಎನ್ನುವ ವಸ್ತುವಿನದು. ವರ್ಷಗಟ್ಟಲೆ ಮರುಭೂಮಿಯ ಬಿಸಿಲಿಗೆ ಒಡ್ಡಿಕೊಂಡು ಅದರ ಕಪ್ಪು ಬಣ್ಣ ಬೂದಿಯಾಗಿತ್ತು. ಮುಟ್ಟಿದರೆ ಸುಣ್ಣದಂತಹ ಪುಡಿ ಕೈಗೆ ಹತ್ತುತ್ತಿತ್ತು. ಒಂದು ದಿನ ತೋಟಕ್ಕೆಂದು ತಂದ ಮಣ್ಣಿನ ಚೀಲಗಳನ್ನು ಇಳಿಸಲು ನಾನೂ ಕೈಜೋಡಿಸಿದೆ. ಸಂಜೆಯ ಹೊತ್ತಿಗೆ ಮುಂಗೈ, ಮೊಣಕೈಯ ಮಡಿಕೆ, ಅಂಗಿಯ ಕೊರಳಪಟ್ಟಿ ತಾಗುವ ಜಾಗಗಳಲ್ಲಿ ತಡೆಯಲಾಗದ ನವೆ. “ಇಲ್ಲಿಯ ಧೂಳು ನಿಮಗೆ ಒಗ್ಗಿಲ್ಲ ಅನ್ನಿಸುತ್ತೆ, ಮಾವ” ಎಂದ ಅಳಿಯ.

ತಾಡೆಯೋಲೆಗಳನ್ನು ಓದಲು ಬಳಸುವ ಭೂತಗನ್ನಡಿ ಸದಾ ನನ್ನ ಚೀಲದಲ್ಲಿರುತ್ತದೆ. ಮರುದಿನ ಅದನ್ನು ಹಿಡಿದು ತೊಟ್ಟಿಯ ಅಂಚನ್ನು ನೋಡಿದೆ. ಬೂದು ಮೇಲ್ಮೈಯಿಂದ ಹೊಳೆಯುವ ಸಣ್ಣ ಎಳೆಗಳು, ಕೊಯ್ದ ಗದ್ದೆಯ ಕೂಳೆಯಂತೆ, ಎದ್ದು ನಿಂತಿದ್ದವು. ಧೂಳಿನ ಮೇಲೆ ಹೊರಿಸಿದ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಇದರ ಕಾರಣ ಸರಳ. ಬಿಸಿಲಿನ ಅತಿನೇರಳೆ ಕಿರಣಗಳು ರಾಳವನ್ನು ಶಿಥಿಲಗೊಳಿಸುತ್ತವೆ. ಗಾಜನ್ನು ಅವು ಏನೂ ಮಾಡಲಾರವು. ಮೇಲಿನ ರಾಳ ಪುಡಿಯಾಗಿ ಉದುರಿದಂತೆ ಒಳಗಿನ ಎಳೆ ಬಯಲಾಗಿ ತುಂಡಾಗುತ್ತದೆ. ಇಂತಹ ಎಳೆಯ ದಪ್ಪ ಸಾಮಾನ್ಯವಾಗಿ 10ರಿಂದ 20 ಮೈಕ್ರಾನ್; ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ಸುಮಾರು 4–5 ಮೈಕ್ರಾನ್‌ಗಿಂತ ದಪ್ಪವಾದ ಗಾಜಿನೆಳೆ ಚರ್ಮದ ಹೊರಪದರವನ್ನು ಚುಚ್ಚಬಲ್ಲದು. ನಮ್ಮ ಹಳ್ಳಿಗಳ ನಸುಗುನ್ನಿ ಕಾಯಿಯ ರೋಮ ಚುಚ್ಚುವುದಲ್ಲದೆ ತನ್ನೊಳಗಿನ ರಾಸಾಯನಿಕದಿಂದಲೂ ಉರಿಸುತ್ತದೆ. ಗಾಜಿಗೆ ಅಂತಹ ವಿಷವಿಲ್ಲ. ಇದು ಸಾಮಾನ್ಯವಾಗಿ ಅಲರ್ಜಿಯೂ ಅಲ್ಲ, ಸೋಂಕೂ ಅಲ್ಲ; ಶುದ್ಧ ವ್ಯಧನ. ಪೂಜ್ಯಪಾದರ ಪದಕ್ಕಿಂತ ನಿಖರವಾದ ಪದ ಇದಕ್ಕೆ ನನಗೆ ತೋಚಲಿಲ್ಲ.

ಪರಿಹಾರದ ಮೊದಲ ಸೂತ್ರವೂ ಅವರ ಮಾತನ್ನೇ ಹೋಲುತ್ತದೆ: ಕೆರೆಯಬಾರದು, ಉಜ್ಜಬಾರದು. ಉಜ್ಜಿದರೆ ಎಳೆ ಇನ್ನಷ್ಟು ಒಳಕ್ಕಿಳಿಯುತ್ತದೆ. ಆದರೆ ಎರಡನೆಯ ಸೂತ್ರದಲ್ಲಿ ಮುನಿಯ ದಾರಿ ಬೇರೆ, ಗೃಹಸ್ಥನ ದಾರಿ ಬೇರೆ. ಮುನಿಗೆ ಸ್ನಾನವಿಲ್ಲ, ಗೃಹಸ್ಥನು ತಡಮಾಡದೆ ಹರಿಯುವ ನೀರಿನಲ್ಲಿ, ಸೌಮ್ಯವಾದ ಸಾಬೂನಿನಿಂದ ಮೈ ತೊಳೆದುಕೊಳ್ಳಬೇಕು. ಆಮೇಲೂ ಉಳಿದ ಎಳೆಗಳನ್ನು ಅಂಟುಪಟ್ಟಿಯನ್ನು ಮೆಲ್ಲಗೆ ಒತ್ತಿ ಎತ್ತಬಹುದು. ತೊಟ್ಟ ಬಟ್ಟೆಯನ್ನು ಮನೆಯವರ ಬಟ್ಟೆಗಳೊಡನೆ ಒಗೆಯಬಾರದು. ಒಗೆದ ಯಂತ್ರವನ್ನೂ ಬರಿ ನೀರು ಹಾಯಿಸಿ ತೊಳೆಯಬೇಕು. ಬಹುಪಾಲು ನವೆ ಕೆಲವೇ ದಿನಗಳಲ್ಲಿ ಅಡಗುತ್ತದೆ. ಅಡಗದಿದ್ದರೆ, ಕಣ್ಣಿಗೆ ಎಳೆ ಬಿದ್ದಿದ್ದರೆ, ವೈದ್ಯರಲ್ಲಿಗೆ ಹೋಗುವುದೇ ಸರಿ.

ಇಷ್ಟಕ್ಕೇ ನಿಂತಿದ್ದರೆ ಇದು ನನ್ನೊಬ್ಬನ ಮೈಯ ವಿಚಾರವಾಗಿ ಮುಗಿಯುತ್ತಿತ್ತು. ಆದರೆ ಆ ಟ್ರಕ್ಕಿನ ಸರಕನ್ನು ವಾರವಾರವೂ ಇಳಿಸುತ್ತಿದ್ದವನು ತೋಟದ ಕೆಲಸಕ್ಕೆ ಬರುವ, ಮೆಕ್ಸಿಕೊ ಮೂಲದ ನಡುವಯಸ್ಸಿನ ಮನುಷ್ಯ. ಅಳಿಯನ ಮೂಲಕ ಕೇಳಿಸಿದಾಗ ಅವನು ತೋಳನ್ನು ಚಾಚಿ ತೋರಿಸಿದ. ಮೊಣಕೈಯ ಮಡಿಕೆಯಲ್ಲಿ ಕೆಂಪು ಗುಳ್ಳೆಗಳು, ಕೆರೆದ ಗಾಯಗಳು. ತಿಂಗಳುಗಳಿಂದ ಹೀಗೆಯೇ ಇದೆಯೆಂದೂ ಹುಲ್ಲು ಕತ್ತರಿಸುವುದರಿಂದ ಆಗಿರಬೇಕೆಂದೂ ಹೇಳಿದ. ಕೆಲಸ ಕೈತಪ್ಪೀತೆಂದು ಯಾರೊಡನೆಯೂ ಹೇಳಿರಲಿಲ್ಲ. ತೃಣಸ್ಪರ್ಶವೆಂಬ ಪದವನ್ನು ಅಂದು ನಗದೆ ಕೇಳಿಸಿಕೊಳ್ಳುವಂತಾಯಿತು.

ಅವನ ಸಹನೆಯನ್ನು ಪರೀಷಹಜಯವೆಂದು ಕರೆಯಬಹುದೇ? ಸಾಧ್ಯವಿಲ್ಲ. ಸೂತ್ರಕಾರರು ಪರೀಷಹಗಳನ್ನು ಸಹಿಸುವುದಕ್ಕೆ ಎರಡು ಉದ್ದೇಶಗಳನ್ನು ಹೇಳಿದ್ದಾರೆ: ಮಾರ್ಗದಿಂದ ಜಾರದಿರುವುದು, ಕರ್ಮನಿರ್ಜರೆ. ಎರಡೂ ತಾನೇ ಆರಿಸಿಕೊಂಡ ದಾರಿಗೆ ಸಂಬಂಧಿಸಿದವು. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಸನತ್ಕುಮಾರ ಚಕ್ರವರ್ತಿಯದೂ ಒಂದು. ರೂಪಗರ್ವವನ್ನು ನೀಗಿ ದೀಕ್ಷೆ ಪಡೆದ ಆತ ಹಲವು ರೋಗಗಳನ್ನು ಸಹಿಸಿದನು. ಚಿಕಿತ್ಸೆ ಮಾಡಲು ವೈದ್ಯವೇಷದ ದೇವನೇ ಬಂದು ನಿಂತರೂ ಒಲ್ಲೆನೆಂದನು. ಮದ್ದು ಬಾಗಿಲಿಗೆ ಬಂದಾಗ ಬೇಡವೆಂದವನ ಸಹನೆ ತಪಸ್ಸು. ಮದ್ದಿರಲಿ, ಕಾರಣವನ್ನೇ ತಿಳಿಯದೆ ಕೂಲಿಗಾಗಿ ಸುಮ್ಮನಿದ್ದವನ ಸಹನೆ ನಿರುಪಾಯ. ಎರಡನ್ನೂ ಒಂದೇ ಹೆಸರಿನಿಂದ ಹೊಗಳಿದರೆ ಮುನಿಗೂ ಕೂಲಿಯವನಿಗೂ ಅನ್ಯಾಯ ಮಾಡಿದಂತೆ.

ಸಾಹಿತ್ಯದ ಅಧ್ಯಯನದಲ್ಲಿಯೂ ಈ ಬೆರಕೆ ನಡೆಯುತ್ತಿರುತ್ತದೆ. ಬಡವರ ಬಾಳಿನ ಕಷ್ಟವನ್ನು ‘ತಪಸ್ಸು’ ಎಂದು ಬಣ್ಣಿಸುವ ಪ್ರಬಂಧಗಳನ್ನು ನಾನು ಪ್ರತಿವರ್ಷವೂ ಓದುತ್ತೇನೆ. ಶಾಸ್ತ್ರದ ಪದವೊಂದನ್ನು ಎರವಲು ಪಡೆಯುವವರು ಅದರ ಪೂರ್ಣ ಲಕ್ಷಣವನ್ನೂ ನೋಡಬೇಕು. ತೃಣಸ್ಪರ್ಶದ ವ್ಯಾಖ್ಯಾನದಲ್ಲಿಯೇ ಪೂಜ್ಯಪಾದರು ಒಂದು ವಿಶೇಷಣವನ್ನು ಇರಿಸಿದ್ದಾರೆ: ನಡೆಯುವಾಗ, ಕೂರುವಾಗ, ಮಲಗುವಾಗ ಇತರ ಪ್ರಾಣಿಗಳಿಗೆ ಪೀಡೆಯಾಗದಂತೆ ಮುನಿಯು ಸದಾ ಅಪ್ರಮತ್ತನಾಗಿರಬೇಕು. ತನಗೆ ಚುಚ್ಚಿದ್ದನ್ನು ಸಹಿಸುವುದು ಲಕ್ಷಣದ ಅರ್ಧಭಾಗ. ತನ್ನಿಂದ ಇನ್ನೊಂದು ಜೀವಕ್ಕೆ ನೋವಾಗದಂತೆ ಎಚ್ಚರದಿಂದಿರುವುದು ಉಳಿದರ್ಧ. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ ನಡೆದುಕೊಳ್ಳಬೇಕೆನ್ನುವ ಆದಾನನಿಕ್ಷೇಪ ಸಮಿತಿಯ ತಿರುಳೂ ಇದೇ. ಸರಕು ಏರಿಸಿ ಇಳಿಸುವ ತೊಟ್ಟಿಗೆ ಇದಕ್ಕಿಂತ ಹತ್ತಿರದ ಸೂತ್ರ ಯಾವುದಿದೆ?

ಮಗಳೂ ಅಳಿಯನೂ ಒಂದು ಶನಿವಾರವನ್ನು ಅದಕ್ಕೆಂದೇ ಮೀಸಲಿಟ್ಟರು. ಒಣಗುಡಿಸಿದರೆ ಎಳೆ ಗಾಳಿಗೇರುವುದರಿಂದ ತೊಟ್ಟಿಯನ್ನು ಮೊದಲು ನೀರಿನಿಂದ ತೊಳೆದರು. ಕೈಗವಸು, ತುಂಬುತೋಳಿನ ಸಡಿಲ ಅಂಗಿ, ಕನ್ನಡಕ, ಮುಖಗವಸು ಧರಿಸಿ, ಮೇಲ್ಮೈಯನ್ನು ಒದ್ದೆಯಾಗಿಯೇ ಇಟ್ಟುಕೊಂಡು ಮರಳುಕಾಗದದಿಂದ ಉಜ್ಜಿದರು. ಚೆನ್ನಾಗಿ ಒಣಗಿದ ಮೇಲೆ ಬಿಸಿಲು ತಾಳುವ ದಪ್ಪ ಲೇಪನ ಬಳಿದು, ಅದರ ಮೇಲೆ ರಬ್ಬರ್ ಹಾಸು ಹಾಸಿದರು. ತೋಟದವನಿಗೆ ಕೈಗವಸುಗಳೂ ಅವನ ನವೆಯ ನಿಜವಾದ ಕಾರಣವೂ ದೊರೆತವು. ಎರಡನೆಯದೇ ಅವನಿಗೆ ಹೆಚ್ಚು ಬೇಕಾಗಿತ್ತೆಂದು ಅವನ ಮುಖ ಹೇಳುತ್ತಿತ್ತು.

ಇದೇ ಗಾಜು, ಇದೇ ರಾಳ ನಮ್ಮಲ್ಲಿಯೂ ಇವೆ. ಬೆಳಕು ಬರಲೆಂದು ಶೆಡ್ಡುಗಳ ಸೂರಿಗೆ ಹಾಕಿದ ಫೈಬರ್ ತಗಡುಗಳು ಬಿಸಿಲಿಗೆ ಬೆಳ್ಳಗಾಗಿ ಎಳೆ ಬಿಡುತ್ತವೆ. ಅವನ್ನು ಇಳಿಸುವವರು ಬರಿಗೈಯ ಕೂಲಿಗಳು. ಅವರಲ್ಲಿ ಯಾರಾದರೂ ಮೈ ತುರಿಸಿಕೊಳ್ಳುವುದನ್ನು ಕಂಡರೆ ಅವರ ತಾಳ್ಮೆಯನ್ನು ಮೆಚ್ಚುವ ಮೊದಲು ಆ ತಗಡನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ತನ್ನ ನವೆಗೆ ಸಹನೆ ಮದ್ದಾಗಬಹುದು. ಇನ್ನೊಬ್ಬರ ನವೆಗೆ ನಮ್ಮ ಎಚ್ಚರವೇ ಮದ್ದು.