ಹುಳಿ ಬೀಳುವ ಹೊತ್ತು

ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆಂದು ಮೈಸೂರಿನ ಹಾಸ್ಟೆಲಿನಿಂದ ವಿರಾಜಪೇಟೆಯ ಮನೆಗೆ ಬಂದ ಮಗಳು ಎರಡು ದಿನ ಮಂಕಾಗಿಯೇ ಇದ್ದಳು. ಅವ್ವ ಏನನ್ನೂ ಕೇಳಲಿಲ್ಲ. "ಈ ಸಲದ ಪಂದಿಕರಿ ನಿನ್ನದೇ" ಎಂದು ಸೌಟು ಕೈಗಿತ್ತಳು.

ಕೊತ್ತಂಬರಿ, ಜೀರಿಗೆ, ಕಾಳುಮೆಣಸನ್ನು ಕಪ್ಪಗೆ ಹುರಿದು ಪುಡಿ ಮಾಡಿದ್ದಾಯಿತು. ಆದರೆ ಅವಸರದಲ್ಲಿ ಮಗಳು ಕಾಚಂಪುಳಿಯನ್ನು ಮೊದಲೇ ಸುರಿದುಬಿಟ್ಟಳು. ಪಣಪುಳಿ ಹಣ್ಣಿನ ರಸವನ್ನು ಕುದಿಸಿ ಗಟ್ಟಿ ಮಾಡಿದ ಆ ಕಪ್ಪು ಹುಳಿ ಬೀಳಬೇಕಾದದ್ದು ಹಂದಿಮಾಂಸ ಬೆಂದ ಮೇಲೆ. ಮೊದಲೇ ಬಿದ್ದರೆ ಮಾಂಸ ಬೇಗ ಮೆತ್ತಗಾಗದು.

ಅವ್ವ ನಕ್ಕಳು. "ಮದುವೆಯಾಗಿ ಬಂದ ವರ್ಷ ನಾನೂ ಹೀಗೇ ಮಾಡಿದ್ದೆ. ನಿನ್ನ ಅಜ್ಜಿ ಗದರಲಿಲ್ಲ. ಒಲೆಗೆ ಎರಡು ಕೊಳ್ಳಿ ತಳ್ಳಿ ಪಕ್ಕದಲ್ಲಿ ಕೂತರು."

ಅಕ್ಕಿತರಿಯ ಕಡಂಬುಟ್ಟು ಕಟ್ಟುವಾಗ ಅಜ್ಜಿ ತನಗೆಂದೇ ಪುಟ್ಟದೊಂದು ಉಂಡೆ ಮಾಡುತ್ತಿದ್ದುದನ್ನು ಮಗಳು ನೆನೆದಳು. ಇಬ್ಬರೂ ಸ್ವಲ್ಪ ಹೊತ್ತು ಬೆಂಕಿಯನ್ನೇ ನೋಡುತ್ತ ಕೂತರು.

"ಅವ್ವಾ, ಗಣಿತದಲ್ಲಿ ಫೇಲಾಗಿದ್ದೇನೆ."

ಅವ್ವ ಇನ್ನೊಂದು ಕೊಳ್ಳಿ ತಳ್ಳಿದಳು. "ಬೇಯುತ್ತೆ ಬಿಡು. ಹೊತ್ತು ಹಿಡಿಯುತ್ತೆ, ಅಷ್ಟೆ."

ಅಂದು ಮನೆಯವರೆಲ್ಲ ಊಟಕ್ಕೆ ಕೂತದ್ದು ಒಂದು ಗಂಟೆ ತಡವಾಗಿ. ಯಾಕೆಂದು ಯಾರೂ ಕೇಳಲಿಲ್ಲ.