ಕಾರಿನೊಳಗೆ ಮೂರು ನೂರಾಯಿತು

ನಾನು ಬರೆದ ಸುದ್ದಿಯಿಂದ ಒಬ್ಬ ರೈತರ ಬೆಳೆ ಪರಿಹಾರ ತಪ್ಪಿಹೋಗುವುದರಲ್ಲಿತ್ತು. ತಪ್ಪು ಒಂದೇ ಅಕ್ಷರದ್ದು. ಅವರು ಹೇಳಿದ್ದು ‘ಮೂರು’, ನಾನು ಬರೆದದ್ದು ‘ನೂರು’. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ, ತಪ್ಪು ನನ್ನದೇ. ಆದರೆ ಅದು ಆದ ಬಗೆಯಲ್ಲಿ ಒಂದು ಕಾರಿನ ಸೌಂಡ್ ಸಿಸ್ಟಮ್ ಕೂಡ ಇದೆ. ಅದನ್ನೇ ಹೇಳುತ್ತೇನೆ.

ನಮ್ಮದು ಚಳ್ಳಕೆರೆ ಕಡೆ. ಆ ಸಲ ಈರುಳ್ಳಿ ಕೀಳುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಂಡಿತ್ತು. ಹೊಲದಲ್ಲೇ ಗಡ್ಡೆ ಕೊಳೆತು ನಾರುತ್ತಿತ್ತು. ಒಂದು ಎಕರೆ ಹಾಕಿದ್ದ ಹಿರಿಯರೊಬ್ಬರನ್ನು ಮಾತಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಪಕ್ಕದಲ್ಲೇ ಟ್ರ್ಯಾಕ್ಟರ್ ನಿಂತು ಗುಡುಗುಡು ಅನ್ನುತ್ತಿತ್ತು. ನೋಟ್‌ಬುಕ್ ನೆನೆಯುತ್ತದೆ ಅಂತ ತೆಗೆಯಲೇ ಇಲ್ಲ.

ಮಾರನೇ ದಿನ ಬೆಂಗಳೂರಲ್ಲಿ ಕೆಲಸವಿತ್ತು. ನಮ್ಮೂರಿನ ಗೆಳೆಯನೊಬ್ಬ ಹನುಮಂತನಗರದಲ್ಲಿ ರೂಮು ಮಾಡಿಕೊಂಡು ಕ್ಯಾಬ್ ಓಡಿಸುತ್ತಾನೆ. ಹಬ್ಬಕ್ಕೆ ಬಂದಿದ್ದವನು ವಾಪಸ್ ಹೊರಟಿದ್ದ, ಅವನ ಜೊತೆ ಹತ್ತಿದೆ. ಹಿರಿಯೂರು ದಾಟಿದ ಮೇಲೆ ಆಫೀಸಿನಿಂದ ಫೋನು, “ಸುದ್ದಿ ಎಲ್ಲಿ?” ಇಯರ್‌ಫೋನ್ ಮನೆಯಲ್ಲೇ ಮರೆತಿದ್ದೆ. ಮೊಬೈಲನ್ನು ಕಾರಿನ ಬ್ಲೂಟೂತ್‌ಗೆ ಹಾಕಿ ರೆಕಾರ್ಡಿಂಗ್ ಕೇಳಿದೆ.

ಗೆಳೆಯ ಹೊಸದಾಗಿ ಜೆ.ಸಿ. ರಸ್ತೆಯಲ್ಲಿ ಸೆಟ್ ಹಾಕಿಸಿದ್ದ. ಡಿಕ್ಕಿಯಲ್ಲಿ ಊಫರ್. ಬಾಸ್ ಪೂರ್ತಿ ಮೇಲೆ, ಟ್ರೆಬಲ್ ಪೂರ್ತಿ ಮೇಲೆ, ಮಧ್ಯದ ‘ಮಿಡ್’ ಕೆಳಗೆ. ಸಿನಿಮಾ ಹಾಡು ಹಾಕಿದರೆ ಡೋಲಿನ ಪೆಟ್ಟು ಎದೆಗೇ ಬೀಳಬೇಕು, ಅದು ಅವನ ಲೆಕ್ಕ. ಅದರಲ್ಲಿ ಅಜ್ಜನ ಮಾತು ನನಗೆ ಕೇಳಿಸಿದ್ದು ಹೀಗೆ: “ಉಳ್ದಿದ್ದು ನೂರು ಪಾಕೆಟ್.” ನಮ್ಮ ಕಡೆ ಈರುಳ್ಳಿ ಚೀಲಕ್ಕೆ ಪಾಕೆಟ್ ಅಂತಾರೆ. ಒಳ್ಳೆ ಬೆಳೆ ಬಂದರೆ ಎಕರೆಗೆ ನೂರು ದಾಟುತ್ತದೆ, ಹಾಗಾಗಿ ಅನುಮಾನವೂ ಬರಲಿಲ್ಲ. ತುಮಕೂರು ಬರುವಷ್ಟರಲ್ಲಿ ಸುದ್ದಿ ಕಳಿಸಿದೆ.

ಬೆಳಿಗ್ಗೆ ಏಳಕ್ಕೆ ಅಜ್ಜನ ಫೋನು. ಬೈಯಲಿಲ್ಲ. “ನೂರು ಪಾಕೆಟ್ ಉಳ್ದಿದ್ರೆ ನಿನ್ ಮುಂದೆ ನಾನ್ಯಾಕಪ್ಪ ಅಳ್ತಿದ್ದೆ? ಹೋಟ್ಲಲ್ಲಿ ಎಲ್ರೂ ಪೇಪರ್ ತೋರಿಸಿ ನಗ್ತಾವ್ರೆ. ನಾಳೆ ಸರ್ವೆಗೆ ಬರ್ತಾರಂತೆ” ಅಂದರು. ಬೆಳೆ ಶೇ 33ರಷ್ಟಾದರೂ ಹಾಳಾಗಿದ್ದರೆ ಮಾತ್ರ ಪರಿಹಾರದ ಪಟ್ಟಿಗೆ ಹೆಸರು ಸೇರುವುದು. ಎಕರೆಗೆ ನೂರು ಪಾಕೆಟ್ ಉಳಿದಿದೆ ಅಂತ ಪೇಪರಿನಲ್ಲೇ ಬಂದಮೇಲೆ ಯಾರು ನಂಬುತ್ತಾರೆ?

ಕೆಳಗಿಳಿದು ಹೋದೆವು. ರಾಮಾಂಜನೇಯ ಗುಡ್ಡದ ಹತ್ತಿರದ ಅಡ್ಡರಸ್ತೆಯಲ್ಲಿ ಕಾರು ನಿಂತಿತ್ತು. ಇಂಜಿನ್ ಹಾಕದೆ ಅದೇ ರೆಕಾರ್ಡಿಂಗ್ ಹಾಕಿದೆ. ಆಗಲೂ ‘ನೂರು’ ಅಂದ ಹಾಗೇ ಇತ್ತು! ಡಿಪ್ಲೊಮಾದಲ್ಲಿ ರೇಡಿಯೊ ಪಾಠ ಮಾಡಿದ ಮೇಷ್ಟ್ರು ಹೇಳಿದ್ದು ನೆನಪಾಯಿತು: ಮಾತು ಇರುವುದು ನಡುವಿನಲ್ಲಿ. ಈಕ್ವಲೈಜರ್ ತೆಗೆದು ಎಲ್ಲವನ್ನೂ ಸೊನ್ನೆಗೆ ತಂದೆ. ಬಾಸ್ ಇನ್ನೂ ಎರಡು ಮೆಟ್ಟಿಲು ಇಳಿಸಿ, ಮಿಡ್ ಎರಡು ಮೆಟ್ಟಿಲು ಏರಿಸಿದೆ. ಟ್ರ್ಯಾಕ್ಟರ್ ಹಿಂದೆ ಸರಿಯಿತು. ಅಜ್ಜ ಸ್ಪಷ್ಟವಾಗಿ ಹೇಳಿದರು: “ಉಳ್ದಿದ್ದು ಮೂರು ಪಾಕೆಟ್.”

ಗೆಳೆಯ ಬಾಯಿ ಬಿಟ್ಟು ನನ್ನನ್ನೇ ನೋಡಿದ.

ಯಾಕೆ ಹೀಗಾಯಿತು? ನಮ್ಮ ಕಿವಿ ಸುಮಾರು 20ರಿಂದ 20,000 ಹರ್ಟ್ಜ್‌ವರೆಗೆ ಕೇಳಬಲ್ಲದು. ಹರ್ಟ್ಜ್ ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ. ಹಳೆಯ ಲ್ಯಾಂಡ್‌ಲೈನ್ ಫೋನು 300ರಿಂದ 3,400 ಹರ್ಟ್ಜ್ ಮಾತ್ರ ಸಾಗಿಸುತ್ತಿತ್ತು. ಅಷ್ಟರಲ್ಲೇ ಮಾತು ಅರ್ಥವಾಗುತ್ತಿತ್ತು. ‘ಮ’ ಅನ್ನುವಾಗ ತುಟಿ ಮುಚ್ಚುತ್ತೇವೆ, ‘ನ’ ಅನ್ನುವಾಗ ನಾಲಿಗೆ ಹಲ್ಲಿನ ಹಿಂದೆ ತಾಗುತ್ತದೆ. ಮೂಗಿನಿಂದ ಬರುವ ಗುಂಯ್ ಅನ್ನುವ ದನಿ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ಅದು ಕೆಳಗಿನ ಬಾಸ್ ಭಾಗದ್ದು. ವ್ಯತ್ಯಾಸ ಗೊತ್ತಾಗುವುದು ಬಾಯಿ ತೆರೆಯುವ ಆ ಒಂದು ಕ್ಷಣದಲ್ಲಿ, ಮಧ್ಯದ ಭಾಗದಲ್ಲಿ. ಬಾಸ್ ಎತ್ತಿ ಮಿಡ್ ತಗ್ಗಿಸಿದರೆ ಗುಂಯ್ ಉಳಿಯುತ್ತದೆ, ಗುರುತು ಹೋಗುತ್ತದೆ. ಟ್ರ್ಯಾಕ್ಟರ್ ಸದ್ದೂ, ಕಾರಿನ ಟೈರು, ಇಂಜಿನ್ ಸದ್ದೂ ಬಾಸ್ ಕಡೆಯವೇ. ಮೊದಲೇ ಇದ್ದ ಗದ್ದಲಕ್ಕೆ ಇನ್ನಷ್ಟು ಗದ್ದಲ ಸೇರಿತ್ತು.

ಕಾರಿರಲಿ, ಟ್ರ್ಯಾಕ್ಟರ್ ಇರಲಿ, ಸೆಟ್ ಹಾಕಿಸಿದವರು ಹೀಗೆ ಮಾಡಿ ನೋಡಿ. ಗಾಡಿ ನಿಲ್ಲಿಸಿ. ‘ಲೌಡ್‌ನೆಸ್’ ಆಫ್ ಮಾಡಿ. ಬಾಸ್, ಮಿಡ್, ಟ್ರೆಬಲ್ ಮೂರೂ ಸೊನ್ನೆಗೆ ತನ್ನಿ. ಮೊದಲು ಹಾಡು ಬೇಡ, ರೇಡಿಯೊ ವಾರ್ತೆ ಹಾಕಿ. ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳಬೇಕು. ಆಮೇಲೆ ಹಾಡು ಹಾಕಿ ಒಂದೊಂದೇ ಮೆಟ್ಟಿಲು ಬದಲಿಸಿ. ಯಾವುದೋ ಕಮ್ಮಿ ಅನ್ನಿಸಿದರೆ ಅದನ್ನು ಎತ್ತುವ ಮೊದಲು, ಜಾಸ್ತಿ ಇರುವುದನ್ನು ಇಳಿಸಿ. ಬಾಸನ್ನು 6 ಡೆಸಿಬೆಲ್ ಎತ್ತಿದರೆ ಆಂಪ್ಲಿಫೈಯರ್ ಆ ಭಾಗಕ್ಕೆ ನಾಲ್ಕು ಪಟ್ಟು ಶಕ್ತಿ ಕೊಡಬೇಕು. ಕೊಡಲಾಗದಿದ್ದರೆ ಸದ್ದು ಒಡೆಯುತ್ತದೆ, ಹಾಗೇ ಬಿಟ್ಟರೆ ಸ್ಪೀಕರ್ ಸುಡಲೂಬಹುದು. ಕೊನೆಗೆ ಗಾಡಿ ಓಡಿಸುತ್ತಾ ಕೇಳಿ, ಬೇಕಿದ್ದರೆ ಬಾಸ್ ಒಂದು ಮೆಟ್ಟಿಲು ಸೇರಿಸಿ.

ನಾನು ಕಾರಿನಲ್ಲೇ ಕೂತು ಆಫೀಸಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಮಾರನೇ ದಿನ ಒಳಪುಟದಲ್ಲಿ ಮೂರು ಸಾಲಿನ ತಿದ್ದುಪಡಿ ಬಂತು. ಅದನ್ನು ನಂಬಿ ಕೂರಲಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಆ ರಾತ್ರಿಯೇ ಬಸ್ಸು ಹತ್ತಿ, ಸರ್ವೆಗೆ ಬರುವ ಹೊತ್ತಿಗೆ ಅಜ್ಜನ ಹೊಲದಲ್ಲಿದ್ದೆ. ಬಂದವರ ಮುಂದೆ, ಊರಿನವರ ಮುಂದೆ, ಪೇಪರಿನಲ್ಲಿ ಬಂದದ್ದು ನನ್ನ ತಪ್ಪು ಅಂತ ಹೇಳಿದೆ. ಹಾಗೆ ಹೇಳುವಾಗ ಕಾಲು ನಡುಗಿದ್ದು ನಿಜ. ಅಜ್ಜನ ಹೆಸರು ಪಟ್ಟಿಗೆ ಸೇರಿತು.

ಗೆಳೆಯ ಮತ್ತೆ ಬಾಸ್ ಎತ್ತಿದ್ದಾನೆ, ಆದರೆ ಮಿಡ್ ತಗ್ಗಿಸಿಲ್ಲ. ನಾನು ಈಗ ಯಾರೇ ಅಂಕಿ ಹೇಳಿದರೂ ಬೆರಳು ಮಡಚಿ ತೋರಿಸಿ ಇನ್ನೊಂದು ಸಲ ಕೇಳುತ್ತೇನೆ. ಮೊನ್ನೆ ಅಜ್ಜ ಸಿಕ್ಕಿದ್ದರು. ಎಷ್ಟು ಎಕರೆ ಹಾಕಿದ್ದೀರಿ ಈ ಸಲ ಅಂದೆ. ಮಾತಾಡಲಿಲ್ಲ, ನಗುತ್ತಾ ಎರಡು ಬೆರಳು ತೋರಿಸಿದರು.