ಬೊರಿವಲಿಯ ಬೆಟ್ಟದಲ್ಲಿ ನೃಪತುಂಗನ ಕಾಲ

ಬೊರಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ರಿಕ್ಷಾದವರ ಕೂಗು, ಬಾಣಲೆಯಲ್ಲಿ ಕರಿಯುವ ವಡೆಯ ಘಮ, ಹೈವೇಯ ಮೊರೆತ. ಹೈವೇ ದಾಟಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟಿನೊಳಗೆ ಕಾಲಿಟ್ಟರೆ ಸಾಕು, ಇಡೀ ಮುಂಬಯಿ ಬೆನ್ನ ಹಿಂದೆ ಉಳಿಯುತ್ತದೆ. ಮಳೆಗಾಲ ಈಗಷ್ಟೇ ಮುಗಿದಿದೆ. ತೇಗದ ಅಗಲ ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ, ಬಿದಿರು ಮೆಳೆಗಳೊಳಗೆ ಜೀರುಂಡೆಗಳ ಜಾತ್ರೆ. ಬಸ್ಸು ತಿರುವು ತಿರುವಾಗಿ ಏರುತ್ತಿರುವಾಗ ಪಕ್ಕದವರೆಲ್ಲ ಚಿರತೆ ಕಂಡೀತೇ ಎಂದು ಕಿಟಕಿಗೆ ಅಂಟಿಕೊಂಡಿದ್ದಾರೆ. ನಾವು ಹೊರಟಿರುವುದು ಒಬ್ಬ ಕನ್ನಡ ದೊರೆಯನ್ನು ಕಾಣಲು. ಗಟ್ಟಿಯಾಗಿ ಹೇಳಿದರೆ ನಕ್ಕಾರು!

ಉದ್ಯಾನದೊಳಗಿನ ಕಾನ್ಹೇರಿ ಬೌದ್ಧ ಗುಹೆಗಳ ಬುಡದಲ್ಲಿ ಆದಿವಾಸಿ ಪಾಡಾದ ಹೆಂಗಸೊಬ್ಬಳು ಸೌತೆಕಾಯಿ ಸೀಳಿ ಉಪ್ಪು ಖಾರ ಸವರಿ ಕೊಡುತ್ತಾಳೆ. ‘ಕೈಯಲ್ಲಿ ಹಿಡ್ಕೊಂಡು ಹೋಗಬೇಡಿ, ಇಲ್ಲೇ ತಿನ್ನಿ’ ಎಂದು ಮರಾಠಿಯಲ್ಲಿ ಎಚ್ಚರಿಸಿ ಮುಗಿಸುವ ಮೊದಲೇ ಜೊತೆಗೆ ಬಂದ ಗೆಳೆಯರೊಬ್ಬರ ಪಾಲು ಕೋತಿಯ ಪಾಲಾಗುತ್ತದೆ. ಈ ಗೆಳೆಯರು ಉಡುಪಿ ಕಡೆಯವರು, ಬೊರಿವಲಿಯಲ್ಲೇ ಸಂಸಾರ ಹೂಡಿದವರು. ನೃಪತುಂಗನ ಹೆಸರು ಇಲ್ಲಿದೆ ಎಂದರೆ ಇನ್ನೂ ನಂಬಿಲ್ಲ.

ಕರಿಯ ಕಲ್ಲಿನ ಒಂದೇ ಬೆಟ್ಟ, ಅದರ ಮೈತುಂಬ ನೂರಕ್ಕೂ ಹೆಚ್ಚು ಗುಹೆಗಳು. ಮೂರನೆಯ ಗುಹೆಯ ಮುಂದೆ ಯಾರಾದರೂ ನಿಲ್ಲಲೇಬೇಕು. ವೆರಾಂಡದ ಎರಡೂ ತುದಿಯಲ್ಲಿ ಆಳೆತ್ತರವನ್ನು ಮೀರಿ ಮೀರಿ ಬೆಳೆದ ಬುದ್ಧರು, ಒಳಗೆ ಕಂಬಗಳ ಸಾಲು, ಕೊನೆಯಲ್ಲಿ ಬೋಳು ಸ್ತೂಪ. ಯಾರೋ ಕಾಲೇಜು ಹುಡುಗ ‘ಹೋ’ ಎನ್ನುತ್ತಾನೆ, ಗುಹೆ ಇನ್ನೂ ದೊಡ್ಡ ದನಿಯಲ್ಲಿ ‘ಹೋ’ ಎನ್ನುತ್ತದೆ. ಇದು ಶಾತವಾಹನ ಯಜ್ಞಶ್ರೀಯ ಕಾಲದ ಗುಹೆ. ನಮ್ಮ ದೊರೆ ಬರುವುದಕ್ಕೆ ಇನ್ನೂ ಆರು ಶತಮಾನಕ್ಕೂ ಹೆಚ್ಚು ಬಾಕಿ.

ಅವನು ಸಿಗುವುದು ಹನ್ನೊಂದನೆಯ ಗುಹೆಯಲ್ಲಿ. ಜನ ಇದನ್ನು ದರ್ಬಾರ್ ಗುಹೆ ಎನ್ನುತ್ತಾರೆ. ಉದ್ದನೆಯ ಹಜಾರ, ನೆಲದಲ್ಲೇ ಬಂಡೆ ಉಳಿಸಿ ಕಡೆದ ಎರಡು ತಗ್ಗಿನ ಕಲ್ಲುಮಣೆಗಳು, ನಮ್ಮ ಮದುವೆ ಮನೆಯ ಪಂಕ್ತಿಯಂತೆ ಎದುರುಬದುರು ಸಾಗಿವೆ. ಗೆಳೆಯರು ಕುಳಿತೇಬಿಟ್ಟರು. ಕಲ್ಲು ತಣ್ಣಗಿದೆ. ಹೊರಗೆ ವೆರಾಂಡದ ಕಂಬಗಳ ಮೇಲಿನ ತೊಲೆಯತ್ತ ಕತ್ತೆತ್ತಿ, ಓರೆ ಬೆಳಕಿಗೆ ಕಣ್ಣು ಕಿರಿದು ಮಾಡಿದರೆ ಸವೆದ ಅಕ್ಷರಗಳ ಗೆರೆ ಮೆಲ್ಲಗೆ ಮೇಲೇಳುತ್ತದೆ. ಭಾಷೆ ಸಂಸ್ಕೃತ. ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆ, ಅವನ ಕೈಕೆಳಗೆ ಕೊಂಕಣವಾಳುವ ಶಿಲಾಹಾರ ಸಾಮಂತ ಕಪರ್ದಿ. ಹೌದು, ಕವಿರಾಜಮಾರ್ಗದ ನೃಪತುಂಗನೇ! ಕಲಬುರಗಿ ಜಿಲ್ಲೆಯ ಮಳಖೇಡದ ದೊರೆ, ಬೊರಿವಲಿಯ ಕಾಡಿನಲ್ಲಿ.

ಕಾನ್ಹೇರಿಯಲ್ಲಿ ಅವನ ಕಾಲದ ಮೂರು ಶಾಸನಗಳಿವೆ: ಶಕ 765, 775 ಮತ್ತು 799. ಮೊದಲನೆಯದರಲ್ಲಿ ಕಪರ್ದಿಯ ತಂದೆ ಪುಲ್ಲಶಕ್ತಿ ಬರುತ್ತಾನೆ. ಭಿಕ್ಷುಗಳ ಬಟ್ಟೆಗೆ, ಗುಹೆಯ ದುರಸ್ತಿಗೆ, ಪುಸ್ತಕಗಳಿಗೆ ಎಂದು ಹಣ ತೆಗೆದಿಟ್ಟ ಲೆಕ್ಕವಿದೆ. ನನಗೆ ಮೆಚ್ಚುಗೆಯಾದದ್ದು ಎರಡನೆಯದು. ಗೌಡದೇಶದಿಂದ, ಅಂದರೆ ಬಂಗಾಳದಿಂದ ಬಂದ ಅವಿಘ್ನಾಕರನೆಂಬ ಬುದ್ಧಭಕ್ತ ಇಲ್ಲಿ ಧ್ಯಾನಕ್ಕೆ ಮನೆ ಕಟ್ಟಿಸಿ, ನೂರು ದ್ರಮ್ಮ ನಾಣ್ಯಗಳನ್ನು ಶಾಶ್ವತ ದತ್ತಿಯಾಗಿ ಇಡುತ್ತಾನೆ. ದಾನಿ ಬಂಗಾಳಿ, ಸಂಘ ಬೌದ್ಧ, ಸಾಮಂತ ಕೊಂಕಣದವನು, ಕಾಲ ಎಣಿಸುವುದು ಮಾತ್ರ ಜೈನ ಜಿನಸೇನರಿಗೆ ನಡೆದುಕೊಂಡ ಕನ್ನಡ ದೊರೆಯ ಹೆಸರಿನಲ್ಲಿ. 851ರ ಅರಬ್ಬಿ ವೃತ್ತಾಂತವೊಂದು ಬಲ್ಹರಾ ಎಂದು ಕರೆದು ಲೋಕದ ನಾಲ್ಕು ದೊಡ್ಡ ಅರಸರಲ್ಲಿ ಸೇರಿಸಿದ್ದು ಈ ರಾಷ್ಟ್ರಕೂಟರನ್ನೇ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ನಾಡಿನ ಗಡಿ ಹೇಳಿತಲ್ಲ, ಆ ಗೋದಾವರಿ ಹುಟ್ಟುವ ತ್ರ್ಯಂಬಕ ಇಲ್ಲಿಂದ ಇನ್ನೂ ಉತ್ತರಕ್ಕಿದೆ. ಗೆಳೆಯರಿಗೆ ಈ ಮಾತು ಬಹಳ ಹಿಡಿಸಿತು. ‘ಹಾಗಾದರೆ ನಾನು ಊರು ಬಿಟ್ಟೇ ಇಲ್ಲ’ ಎಂದರು.

ಕಲ್ಲಿನ ಮೆಟ್ಟಿಲು ಹತ್ತುತ್ತ ಹೋಗುತ್ತೇವೆ. ಬಹುತೇಕ ಗುಹೆಗಳ ಬದಿಗೆ ನೀರಿನ ತೊಟ್ಟಿ, ಬಂಡೆಯ ಮೈಮೇಲೆ ಮಳೆನೀರು ಹರಿದುಬರಲು ಕೊರೆದ ಕಿರುಗಾಲುವೆ. ತೊಂಬತ್ತನೆಯ ಗುಹೆಯಲ್ಲಿ 1009 ಮತ್ತು 1021ರಲ್ಲಿ ಬಂದುಹೋದ ಪಾರ್ಸಿಗಳು ಪಹ್ಲವಿಯಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಆಗಲೂ ಪ್ರವಾಸಿಗಳು ಪ್ರವಾಸಿಗಳೇ.

ನೆತ್ತಿಯ ಮೇಲೆ ಗಾಳಿಯೋ ಗಾಳಿ. ಪಶ್ಚಿಮಕ್ಕೆ ಬೊರಿವಲಿಯ ಗೋಪುರ ಕಟ್ಟಡಗಳು, ಅವುಗಳಾಚೆ ಗೊರಾಯಿಯ ಪಗೋಡ ಚಿನ್ನದ ಬಣ್ಣದಲ್ಲಿ ಮಿನುಗುತ್ತಿದೆ. ಉತ್ತರಕ್ಕೆ ವಿರಾರ್, ಡಹಾಣು ದಾಟಿ ಅದೇ ರೈಲುದಾರಿ ಗುಜರಾತಿನ ಸಂಜಾಣಕ್ಕೆ ಹೋಗುತ್ತದೆ. ಅಲ್ಲಿ ಸಿಕ್ಕ ತಾಮ್ರಪಟಗಳನ್ನು ನೃಪತುಂಗ ಬರೆಸಿದ್ದು 871ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ವೆಸೆಕ್ಸ್‌ನಲ್ಲಿ ಆಲ್‌ಫ್ರೆಡ್ ಪಟ್ಟವೇರಿದ. ಇಲ್ಲಿ ಮೂರನೆಯ ಶಾಸನ ಕೊರೆಸುವ ಹೊತ್ತಿಗೆ, ಅಂದರೆ 877-78ರ ಸುಮಾರಿಗೆ, ಆಲ್‌ಫ್ರೆಡ್ ಡೇನರಿಗೆ ಹೆದರಿ ಆಥೆಲ್ನಿಯ ಜೌಗಿನಲ್ಲಿ ಅಡಗಿದ್ದ. ಆಮೇಲೆ ಎಡಿಂಗ್ಟನ್‌ನಲ್ಲಿ ಗೆದ್ದು, ಲ್ಯಾಟಿನ್ ಪುಸ್ತಕಗಳನ್ನು ಜನರ ನುಡಿಗೆ ತರಿಸಿದ. ನಮ್ಮವನೂ ಹದಿಹರೆಯದಲ್ಲಿ ಪಟ್ಟಕ್ಕೆ ಬಂದು, ದಂಗೆಗೆ ಸಿಕ್ಕಿ, ದಾಯಾದಿ ಕರ್ಕನ ನೆರವಿನಿಂದ ಗದ್ದುಗೆ ಉಳಿಸಿಕೊಂಡವನು. ಅವನ ಆಸ್ಥಾನದಲ್ಲೇ ಶ್ರೀವಿಜಯ ಕವಿರಾಜಮಾರ್ಗ ಬರೆದು ಕನ್ನಡದ ಕಾವ್ಯಕ್ಕೆ ದಾರಿ ತೋರಿದ.

ನಾಡಿಗೆ ಬಂದ ಕೇಡು ತಪ್ಪಲೆಂದು ನೃಪತುಂಗ ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದೂ ಸಂಜಾಣದ ಆ ತಾಮ್ರಪಟಗಳು ಹೇಳುತ್ತವೆ. ಗೆಳೆಯರಿಗೆ ಆ ಬೆರಳೇ ದೊಡ್ಡದು. ನನಗೇನೋ ಅನುಮಾನ, ಆಸ್ಥಾನದ ಮಾತಿಗೆ ಹೊಗಳಿಕೆಯ ರುಚಿ ಇದ್ದೇ ಇರುತ್ತದೆ. ನನಗೆ ಇಲ್ಲಿನ ಕಲ್ಲಿನ ಸಾಕ್ಷಿಯೇ ದೊಡ್ಡದು. ಬಂಗಾಳದ ಅವಿಘ್ನಾಕರನಿಗೆ ಮಳಖೇಡದಿಂದ ಏನು ಆಗಬೇಕಿತ್ತು? ಆದರೂ ದೊರೆಯ ಹೆಸರು ಕೊರೆಸಿದ. ವಾದ ತೀರುವ ಮೊದಲೇ ಕೆಳಗಿನಿಂದ ಕಾವಲುಗಾರನ ಸೀಟಿ. ಗೇಟು ಮುಚ್ಚುವ ಹೊತ್ತು. ಜಗಳಾಡುತ್ತಲೇ ಮೆಟ್ಟಿಲಿಳಿದು ಕೊನೆಯ ಬಸ್ಸಿಗೆ ಓಡುತ್ತಿದ್ದೇವೆ.